ಛಾವಣಿಯ ನಟ್ಟನಡುವೆ ಒಂದು ತೂತು

ನನ್ನ ಭಾವನ ಬಗ್ಗೆ ನಮ್ಮ ಕಡೆ ಎರಡು ಮಾತು ಓಡಾಡುತ್ತವೆ. ಗಾಡಿಗಳಿಗೆ ರೇಡಿಯೋ ಕೂರಿಸುವುದರಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ ಅನ್ನುವುದು ಒಂದು. ಅವರ ಮರೆವಿನಿಂದ ಒಬ್ಬ ಡ್ರೈವರನ ಕಾಲು ಹೋಯಿತು ಅನ್ನುವುದು ಇನ್ನೊಂದು. ಮೊದಲನೆಯದು ನಿಜ. ಎರಡನೆಯದನ್ನು ಆಡುವವರ ಬಾಯಿಗೆ, ತಗಡಿನ ತೂತು ಮುಚ್ಚುವ ಲಪ್ಪ ತುರುಕಬೇಕು ಅನ್ನಿಸುತ್ತದೆ ನನಗೆ. ಅನ್ನಿಸುತ್ತದೆ ಅಷ್ಟೇ. ಆ ಮಾತು ನನ್ನೆದುರಿಗೇ ಬಂದಾಗಲೆಲ್ಲ ‘ಏನು ಮಾಡೋದು, ವಯಸ್ಸಾಯ್ತಲ್ಲ’ ಎಂದು ತಲೆಯಾಡಿಸಿ ಮನೆಗೆ ಬಂದಿದ್ದೇನೆ. ಆರು ವರ್ಷದಿಂದ ಹೀಗೇ ಬರುತ್ತಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಪ್ಪ ಅಮ್ಮ ಇಲ್ಲದ ನನ್ನನ್ನು ಅಕ್ಕ ಮದುವೆಯಾಗಿ ಹೋಗುವಾಗ ತನ್ನ ಟ್ರಂಕಿನ ಜೊತೆಗೇ ಕರೆದುಕೊಂಡು ಹೋದಳು. ಆಗ ನನಗೆ ಹನ್ನೆರಡು. ಹೆಂಡತಿಯ ಹಿಂದೆ ಒಂದು ತಿನ್ನುವ ಬಾಯಿಯೂ ಬಂತಲ್ಲ ಎಂದು ಆ ಮನುಷ್ಯ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಉದ್ದಕ್ಕೆ, ತೆಳ್ಳಗೆ ಇದ್ದರು. ಮಾರುಕಟ್ಟೆಯಲ್ಲಿ ಅವರನ್ನು ‘ಕಡ್ಡಿ ಮೇಷ್ಟ್ರು’ ಅನ್ನುತ್ತಿದ್ದರು. ಮೇಷ್ಟ್ರು ಯಾಕೆಂದರೆ, ಯಾರು ಕೇಳಲಿ ಬಿಡಲಿ, ಸಿಕ್ಕವರಿಗೆಲ್ಲ ಪಾಠ ಮಾಡುವ ಚಟ. ಮೊದಲು ಟ್ಯಾಕ್ಸಿಗಳ ವೈರ್‌ಲೆಸ್ ಸೆಟ್ಟು ರಿಪೇರಿ ಮಾಡುತ್ತಿದ್ದರು. ಅಲ್ಲಿಂದ ಬಂದ ಒಂದು ಅಭ್ಯಾಸ, ಹೇಳಿದ್ದನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುವುದು. ಅಕ್ಕ ಅಡುಗೆಮನೆಯಿಂದ “ಅರ್ಧ ಕೆಜಿ ಈರುಳ್ಳಿ, ಒಂದು ಸೋಪು” ಎಂದರೆ ಇವರು ಚಪ್ಪಲಿ ಮೆಟ್ಟುತ್ತಾ “ಅರ್ಧ ಕೆಜಿ ಈರುಳ್ಳಿ, ಒಂದು ಸೋಪು, ಕೇಳಿಸ್ತು” ಅನ್ನುವರು. “ನಾನೇನು ಟ್ಯಾಕ್ಸಿನಾ?” ಎಂದು ಅಕ್ಕ ರೇಗುವಳು. ಆದರೆ ಅಷ್ಟು ವರ್ಷದಲ್ಲಿ ಒಂದು ಸಾಮಾನನ್ನೂ ಮರೆತು ಬಂದವರಲ್ಲ. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ.

ನಾನು ಗಾಡಿಗಳಿಗೆ ಬಣ್ಣ ಹೊಡೆಯುವವನು. ಕೆಲಸ ಕಲಿಯಲು ಹಚ್ಚಿದ್ದೂ ಭಾವನೇ. ಇಬ್ಬರದೂ ಒಂದೇ ಗ್ಯಾರೇಜಿನ ಒಂದೇ ಶೆಡ್ಡು. ಎಡಗಡೆ ಕಿಟಕಿಯ ಪಕ್ಕ ಅವರ ಮೇಜು, ಅದರ ಮೇಲೆ ಬಿಚ್ಚಿದ ಸೆಟ್ಟುಗಳು, ಸುಟ್ಟ ಬೆಸುಗೆಯ ವಾಸನೆ. ಬಲಗಡೆ ದಪ್ಪ ಪ್ಲಾಸ್ಟಿಕ್ ಪರದೆಯ ಆಚೆ ನನ್ನ ಜಾಗ. ಪರದೆ ಇದ್ದರೂ ಜಗಳಕ್ಕೇನೂ ಕಡಿಮೆ ಇರಲಿಲ್ಲ. ಅವರು ಕೊರೆದ ತಗಡಿನ ಪುಡಿ ಹಾರಿ ಬಂದು ನನ್ನ ಹಸಿ ಬಣ್ಣಕ್ಕೆ ಅಂಟುತ್ತಿತ್ತು, ನನ್ನ ಉಜ್ಜುಕಾಗದದ ಧೂಳು ಅವರ ಸೆಟ್ಟಿನೊಳಗೆ ಸೇರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಜಗಳ ಇನ್ನೊಂದಿತ್ತು. ಬಣ್ಣದವನಿಗೆ ಬೆತ್ತಲೆ ತಗಡು ಕಂಡರೆ ಮೈ ಉರಿಯುತ್ತದೆ. ಇವತ್ತು ಕಾಸಿನಗಲ ಬಿಟ್ಟರೆ ನಾಳೆ ಅಂಗೈಯಗಲ ತುಕ್ಕು. ಶೆಡ್ಡಿನಿಂದ ಹೊರಡುವ ಪ್ರತಿ ಗಾಡಿಯ ಮೈಮೇಲೂ ನಾನು ಅಂಗೈ ಆಡಿಸಿಯೇ ಬಿಡುತ್ತಿದ್ದೆ. ಭಾವನಿಗೋ, ಆಂಟೆನಾದ ಬುಡದಲ್ಲಿ ಬಣ್ಣ ಕಂಡರೆ ಮೈ ಉರಿಯುತ್ತಿತ್ತು. ಆಂಟೆನಾ ಕೂರುವ ಲೋಹದ ಬಿಲ್ಲೆಯ ಕೆಳಗೆ ಬ್ಲೇಡಿನಿಂದ ಬಣ್ಣವನ್ನೆಲ್ಲ ಕೆರೆದು, ಬಳೆಯಗಲಕ್ಕೆ ತಗಡು ಹೊಳೆಯುವ ಹಾಗೆ ಮಾಡಿ, ಗ್ರೀಸು ಸವರಿ, ಆಮೇಲೆ ಬಿಗಿಯುವರು. “ತಗಡಿಗೆ ತಗಡು ತಾಗ್ಬೇಕು ಕಣೋ. ಕೆಳಗಿರೋ ತಗಡೇ ಆಂಟೆನಾಗೆ ನೆಲ. ನೆಲ ಇಲ್ದೆ ನೀನು ಎಲ್ಲಿ ಕಾಲೂರ್ತೀಯ?” ಈ ಪಾಠವನ್ನು ನಾನು ನೂರು ಸಲ ಕೇಳಿದ್ದೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ. ಭಾವನ ಪಾಠ ಎಂದರೆ ಮನೆಯಲ್ಲಿ ಎಲ್ಲರಿಗೂ ಅಷ್ಟೇ.

ಎಲ್ಲರ ಜೇಬಿಗೂ ಫೋನು ಬಂದ ಮೇಲೆ ಟ್ಯಾಕ್ಸಿಯವರು ಸೆಟ್ಟುಗಳನ್ನು ಗುಜರಿಗೆ ಹಾಕಿದರು. ಭಾವನ ಮೇಜು ಖಾಲಿ ಹೊಡೆಯತೊಡಗಿತು. ಆ ಹೊತ್ತಿಗೆ ಬಂದದ್ದು ರಕ್ಷಣಾ ದಳದ ಕೆಲಸ. ಬೆಟ್ಟಗಳಲ್ಲಿ ಸಿಕ್ಕಿಹಾಕಿಕೊಂಡವರನ್ನು ಹುಡುಕಿ ತರುವ ದಳ ಅದು. ಮೊದಲ ಗುಡ್ಡ ದಾಟಿದರೆ ಅಲ್ಲಿ ಯಾವ ಫೋನೂ ನಡೆಯುವುದಿಲ್ಲ. ಕಲ್ಲು, ಹಳ್ಳ ಏನು ಬಂದರೂ ಹತ್ತಿಳಿಯುವ ಮೂರು ಹೊಸ ಜೀಪು ತರಿಸಿದ್ದರು, ಮೂರಕ್ಕೂ ರೇಡಿಯೋ ಕೂರಿಸಬೇಕಿತ್ತು. ಈ ಮೂರು ಸರಿಹೋದರೆ ಸುತ್ತಲಿನ ಉಳಿದ ದಳಗಳ ಇಪ್ಪತ್ತೆರಡು ಗಾಡಿಯೂ ಭಾವನ ಕೈಗೇ ಎಂದು ಮಾತಾಗಿತ್ತು. ಐವತ್ನಾಲ್ಕನೇ ವಯಸ್ಸಿನಲ್ಲಿ ಮತ್ತೆ ಗಡ್ಡ ನುಣ್ಣಗೆ ಹೆರೆದುಕೊಂಡು ಕೆಲಸಕ್ಕೆ ಹೊರಡುವ ಭಾವನನ್ನು ನೋಡಿ ಅಕ್ಕ “ಮದುಮಗ ಹೊರಟ” ಎಂದು ಛೇಡಿಸುತ್ತಿದ್ದಳು.

ದಳದ ಮುಖ್ಯಸ್ಥರಿಗೆ ಮುಖಕ್ಕಿಂತ ಮೀಸೆ ದೊಡ್ಡದು. ನಾವು ಹಿಂದಿನಿಂದ ‘ಮೀಸೆ ಸಾಹೇಬರು’ ಅನ್ನುತ್ತಿದ್ದೆವು. ಅವರಿಗೆ ಆಂಟೆನಾ ಮುಂದಿನ ಬಂಪರಿಗೇ ಬೇಕಿತ್ತು, ಉದ್ದನೆಯದು, ಬಾಗಿಸಿ ಹಿಂದಕ್ಕೆ ಕಟ್ಟುವಂಥದು. ನೋಡಿದವರು ದಾರಿ ಬಿಡಬೇಕಂತೆ.

“ಬಂಪರಿಗೆ ಹಾಕಿದ್ರೆ ಗಾಡಿ ಮೈಯೇ ಅಡ್ಡ ಬರುತ್ತೆ ಸಾರ್,” ಎಂದರು ಭಾವ. “ಮುಂದಕ್ಕೆ ಮಾತಾಡುತ್ತೆ, ಹಿಂದಕ್ಕೆ ಮೂಕ. ಬೆಟ್ಟ ಹತ್ತೋವಾಗ ನಿಮ್ಮ ಆಫೀಸು ಯಾವಾಗ್ಲೂ ಗಾಡಿ ಹಿಂದೇನೇ ಇರುತ್ತಲ್ಲ?”

“ಹಂಗಾದ್ರೆ ಮೇಲ್ಗಡೆ ಸಾಮಾನಿನ ಚೌಕಟ್ಟಿದೆ, ಅದಕ್ಕೆ ಕಟ್ಟಿ.”

“ಆ ಚೌಕಟ್ಟು ರಬ್ಬರ್ ಕಾಲಿನ ಮೇಲೆ ನಿಂತಿದೆ. ತಗಡಿಗೂ ಅದಕ್ಕೂ ಸಂಬಂಧಾನೇ ಇಲ್ಲ.”

“ಅಯಸ್ಕಾಂತದ್ದು ಬರುತ್ತಲ್ರೀ, ಮೇಲಿಟ್ರೆ ಅಂಟ್ಕೊಳ್ಳುತ್ತೆ?”

“ಮೊದಲನೇ ಕೊಂಬೆ ಸಿಗೋವರೆಗೂ ಅಂಟ್ಕೊಂಡಿರುತ್ತೆ ಸಾರ್. ಛಾವಣಿ ನಟ್ಟನಡುವೆ ಒಂದು ತೂತು ಹಾಕೋಕೆ ಬಿಡಿ. ಬುಡಕ್ಕೆ ಸ್ಪ್ರಿಂಗು ಕೊಡ್ತೀನಿ, ಕೊಂಬೆ ತಾಗಿದ್ರೆ ಬಾಗಿ ಎದ್ದೇಳುತ್ತೆ. ಸುತ್ತಲೂ ಒಂದೇ ಸಮ ತಗಡು, ಎಲ್ಲಾ ದಿಕ್ಕಿಗೂ ಒಂದೇ ಸಮ ಮಾತು.”

“ಹೊಸ ಗಾಡಿ ನೆತ್ತಿಗೆ ತೂತಾ? ತಲೆ ಕೆಟ್ಟಿದ್ಯೇನ್ರೀ ನಿಮ್ಗೆ?”

ಬಾಯಲ್ಲಿ ಹೇಳಿದರೆ ಕೇಳುವವರಲ್ಲ ಎಂದು ಭಾವ ಒಂದು ದಿನ ಅವರನ್ನು ನೀರಿನ ಟ್ಯಾಂಕಿನ ಗುಡ್ಡದ ಮೇಲೆ ಒಂದು ಸೆಟ್ಟು ಕೊಟ್ಟು ನಿಲ್ಲಿಸಿದರು. ತಾವು ಆರು ಮೈಲಿ ಆಚೆಯ ಹಳೇ ಕಲ್ಲುಕ್ವಾರಿಗೆ ಜೀಪು ತೆಗೆದುಕೊಂಡು ಹೋದರು. ನಾನೂ ಹೋಗಿದ್ದೆ. ಓಡಿಸುತ್ತಿದ್ದವನು ದಳದ ಡ್ರೈವರು, ಮೂವತ್ತರ ಪ್ರಾಯ, ಬಾಯಿ ಬಿಟ್ಟರೆ ತಮಾಷೆ. ಒಂದೇ ಸಮನೆ ಸುತ್ತು ಹೊಡೆಯುತ್ತಾ ಒಂದರಿಂದ ಹನ್ನೆರಡರವರೆಗೆ ಎಣಿಸುವುದು ಅವನ ಕೆಲಸ. ಬಂಪರಿನ ಆಂಟೆನಾದಲ್ಲಿ ಎಣಿಸಿದಾಗ ಮೀಸೆ ಸಾಹೇಬರಿಗೆ ಐದು, ಆರು, ಏಳು, ಎಂಟು ಕೇಳಿಸಲೇ ಇಲ್ಲ. ಗಾಡಿ ಅವರ ಕಡೆಗೆ ಬೆನ್ನು ಮಾಡಿದ್ದಾಗಿನ ಅಂಕಿ ಅವು. ಅಯಸ್ಕಾಂತದ್ದು ಹಾಕಿದೆವು. ಕ್ವಾರಿಯ ಮುಳ್ಳುಕಂಟಿ ದಾಟುವಾಗ ಕಳಚಿ ಬಿದ್ದು, ವೈರಿಗೆ ಜೋತುಬಿದ್ದು, ಬಾಗಿಲಿಗೆ ಬಡಿಯುತ್ತಾ ಬಂತು. “ಯಜಮಾನ್ರೇ, ನಾಯಿಮರಿ ನಮ್ ಹಿಂದೇನೇ ಬರ್ತಾ ಇದೆ, ಸಾಕ್ಕೊಳೋಣ್ವಾ?” ಎಂದು ಡ್ರೈವರು ಬಿದ್ದೂ ಬಿದ್ದೂ ನಕ್ಕ. ಕೊನೆಗೆ ಭಾವ ಛಾವಣಿಯ ನಡುವೆ ಒಂದಿಷ್ಟು ಬಣ್ಣ ಕೆರೆದು, ತೂತು ಹಾಕದೆಯೇ ಬಿಲ್ಲೆಯನ್ನು ಒತ್ತಿ ಹಿಡಿದುಕೊಂಡು ಕೂತರು. ಸೂರ್ಯ ನೆತ್ತಿಯ ಮೇಲಿದ್ದ, ತಗಡು ಕಾದಿತ್ತು, ಅಂಗೈಗೆ ಬೊಬ್ಬೆ ಬಂದರೂ ಬಿಡಲಿಲ್ಲ. ಹನ್ನೆರಡಕ್ಕೆ ಹನ್ನೆರಡೂ ಕೇಳಿಸಿತು.

“ಸರಿ, ಹಾಕ್ರೀ ನಿಮ್ಮ ತೂತು,” ಎಂದರು ಮೀಸೆ ಸಾಹೇಬರು. “ಆದ್ರೆ ಇದು ಕೈಕೊಟ್ಟ ದಿನ ನಾನು ಹುಡುಕ್ಕೊಂಡು ಬರೋದು ನಿಮ್ಮನ್ನೇ.”

“ಬನ್ನಿ ಸಾರ್. ಎಲ್ಲರೆದುರಿಗೇ ಬಿಚ್ಚಿ ತೋರಿಸ್ತೀನಿ.”

ಕೊರೆಯುವ ಕೆಲಸ ಮೂರು ದಿನ ನಡೆಯಿತು. ಮೂಲೆಯಿಂದ ಮೂಲೆಗೆ ಎರಡು ದಾರ ಕಟ್ಟಿ, ಅವು ಕತ್ತರಿಸುವ ಜಾಗಕ್ಕೆ ಪೆನ್ಸಿಲಿನಿಂದ ಚುಕ್ಕಿ ಇಟ್ಟು, ಉಸಿರು ಬಿಗಿಹಿಡಿದು ಡ್ರಿಲ್ಲು ಇಡುವರು. ಕೆರೆಯುವುದು, ಗ್ರೀಸು, ಬಿಲ್ಲೆ, ಬೋಲ್ಟು. ಬೋಲ್ಟು ಪ್ಲಾಸ್ಟಿಕ್ ಕೊಳವೆಯೊಳಗೆ ಇಳಿಯುತ್ತದೆ. ತಗಡಿಗೆ ತಾಗುವುದು ಬಿಲ್ಲೆಯೊಂದೇ. ಕೊನೆಗೆ ಮೀಟರು ಇಟ್ಟು ನೋಡುವರು. ಸೆಟ್ಟಿನಿಂದ ಹೊರಟ ಶಕ್ತಿ ಎಷ್ಟು ಹೊರಗೆ ಹೋಗದೆ ವಾಪಸ್ ಬಂತು ಎಂದು ತೋರಿಸುವ ಮೀಟರದು. ವಾಪಸ್ ಬಂದದ್ದೆಲ್ಲ ಸೆಟ್ಟಿನೊಳಗೇ ಬೇಯುತ್ತದೆ. ಮೂರೂ ಗಾಡಿಯಲ್ಲಿ ಮುಳ್ಳು ಸೊನ್ನೆಯ ಹತ್ತಿರದಿಂದ ಕದಲಲಿಲ್ಲ. ನಾನೇ ಕಣ್ಣಾರೆ ನೋಡಿದ್ದೇನೆ.

ಮೂರನೇ ಗಾಡಿಯಲ್ಲಿ ಡ್ರಿಲ್ಲು ಜಾರಿ ಬಿಲ್ಲೆಯ ಪಕ್ಕದಲ್ಲೇ ಬೆರಳುದ್ದದ ಗೀರು ಬಿದ್ದಿತ್ತು. ಮಾರನೇ ದಿನ ಭಾವ ಯಾವುದೋ ಬಿಡಿಭಾಗ ತರಲು ಪೇಟೆಗೆ ಹೊರಟು, ಬಾಗಿಲಲ್ಲಿ ನಿಂತು ಹೇಳಿದರು: “ಗೀರು ಮಾತ್ರ ಮುಚ್ಚು. ಬುಡ ಮುಟ್ಬೇಡ.”

ನನಗೆ ಪಿತ್ತ ನೆತ್ತಿಗೇರಿತು. ಗೀರು ಹಾಕಿದವರು ಇವರು, ಬಣ್ಣ ಹೇಗೆ ಹೊಡೆಯಬೇಕೆಂದು ನನಗೆ ಹೇಳುವವರೂ ಇವರೇ! ಬಿಲ್ಲೆ ಇಟ್ಟುಕೊಂಡೇ ಹೊಡೆದರೆ ಅದರ ಅಂಚಿಗೆ ಗೆರೆ ನಿಲ್ಲುತ್ತದೆ. ಇಪ್ಪತ್ತು ವರ್ಷದಲ್ಲಿ ನನ್ನ ಕೈಯಿಂದ ಗೆರೆ ನಿಂತ ಗಾಡಿ ಹೊರಗೆ ಹೋಗಿರಲಿಲ್ಲ. ಸ್ಪ್ಯಾನರು ತೆಗೆದುಕೊಂಡು ಬಿಲ್ಲೆ ಬಿಚ್ಚಿದೆ. ಕೆಳಗೆ ಬಳೆಯಗಲಕ್ಕೆ ಬೆತ್ತಲೆ ತಗಡು. ಗ್ರೀಸು ಒರೆಸಿದೆ. ‘ತಗಡಿಗೆ ತಗಡು ತಾಗ್ಬೇಕು’ ಅನ್ನುವ ಮಾತು ಆ ಗಳಿಗೆಯಲ್ಲಿ ನೆನಪಾಯಿತೇ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನೆನಪಾಯಿತು. ಸುಳ್ಳು ಯಾಕೆ ಹೇಳಲಿ? ನೆನಪಾಗಿ, ‘ಓಹೋ, ಕೂದಲೆಳೆಯಷ್ಟು ಬಣ್ಣಕ್ಕೆ ಇವರ ರೇಡಿಯೋ ಸತ್ತುಹೋಗುತ್ತಾ?’ ಎಂದು ಮೂಗು ಮುರಿದೆ. ಒಂದು ಕೈ ಪ್ರೈಮರು, ಎರಡು ಕೈ ಬಣ್ಣ, ಮೇಲೊಂದು ಕೈ ಹೊಳಪು. ದೀಪದ ಕೆಳಗೆ ಒಣಗಿಸಿ, ಉಜ್ಜಿ, ಬಿಲ್ಲೆಯನ್ನು ಮೊದಲಿನ ಹಾಗೇ ಬಿಗಿದೆ.

ಸಂಜೆ ಭಾವ ಬರುವಷ್ಟರಲ್ಲಿ ಮೀಸೆ ಸಾಹೇಬರು ಗಾಡಿ ಒಪ್ಪಿಸಿಕೊಳ್ಳಲು ಫೋಟೋದವನನ್ನೂ ಕರೆದುಕೊಂಡು ಅಂಗಳದಲ್ಲಿ ನಿಂತಾಗಿತ್ತು. ಭಾವ ಆತುರಾತುರವಾಗಿ ಸೆಟ್ಟು ಹಾಕಿ ಎರಡು ಬೀದಿ ಆಚೆಯ ದಳದ ಆಫೀಸನ್ನು ಕರೆದರು. ಸ್ಫುಟವಾಗಿ ಉತ್ತರ ಬಂತು. ಅಷ್ಟು ಹತ್ತಿರಕ್ಕೆ ಆಂಟೆನಾದ ಬದಲು ಚಮಚ ಚುಚ್ಚಿದ್ದರೂ ಉತ್ತರ ಬರುತ್ತಿತ್ತು. ಮೀಟರು ಇನ್ನೊಂದು ಸಲ ಇಡಲಿಲ್ಲ. ಛಾವಣಿಯ ಮೇಲೆ ಬಗ್ಗಿ ನೋಡಿ, “ಗೀರು ಎಲ್ಲಿತ್ತು ಅಂತಾನೇ ಗೊತ್ತಾಗಲ್ಲ ಕಣೋ, ನಿನ್ನ ಕೈಗೊಂದು ಬಂಗಾರದ ಕಡಗ ಹಾಕ್ಬೇಕು” ಎಂದರು. ಬುಡ ಬಿಚ್ಚಿದ್ದೆ ಎಂದು ಹೇಳಿದರೆ ಎಲ್ಲರೆದುರು ಬೈಸಿಕೊಳ್ಳಬೇಕಾಗುತ್ತದೆ ಎಂದು ನಾನು ಹಲ್ಲು ಕಿರಿದು ನಿಂತೆ.

ಎರಡು ತಿಂಗಳ ಮೇಲೆ ಡ್ರೈವರು ಆ ಗಾಡಿಯ ಬಾಗಿಲಿನ ನೆಗ್ಗು ತೆಗೆಸಲು ಬಂದ. ಭಾವ ಇರಲಿಲ್ಲ. “ಅಣ್ಣಾ, ಯಜಮಾನ್ರಿಗೆ ಹೇಳ್ತೀರಾ? ಎರಡು ಮಾತಾಡೋಷ್ಟರಲ್ಲಿ ಸೆಟ್ಟು ಕೈ ಸುಡೋ ಹಾಗೆ ಬಿಸಿ ಆಗುತ್ತೆ” ಎಂದ. ವಾಪಸ್ ಬಂದದ್ದೆಲ್ಲ ಸೆಟ್ಟಿನೊಳಗೇ ಬೇಯುತ್ತದೆ ಅನ್ನುವುದು ನೆನಪಾಯಿತು. “ಬಿಸಿಲಲ್ಲಿ ನಿಂತ್ರೆ ನಿನ್ನ ತಲೇನೂ ಬಿಸಿ ಆಗುತ್ತೆ, ಹೋಗಯ್ಯ” ಎಂದು ಕಳಿಸಿದೆ. ಭಾವನಿಗೆ ಹೇಳಲಿಲ್ಲ.

ಇದಾಗಿ ಆರು ವಾರಕ್ಕೆ ಬೆಟ್ಟದ ಆಚೆ ದಾರಿ ತಪ್ಪಿದ ಇಬ್ಬರು ಸರ್ವೆಯವರನ್ನು ಕರೆತರಲು ಡ್ರೈವರು ಒಬ್ಬನೇ ಹೊರಟ. ಹೋದದ್ದು ಮೂರನೇ ಗಾಡಿಯಲ್ಲಿ. ಇಳಿಜಾರಿನ ದಾರಿಯಲ್ಲಿ ಅಡ್ಡ ಬಿದ್ದಿದ್ದ ಕಲ್ಲು ಸರಿಸಲು ಇಳಿದಾಗ ಮೇಲಿನಿಂದ ದಿಬ್ಬ ಜಾರಿ ಎಡಗಾಲಿನ ಮೇಲೆ ಬಂತು. ಗಾಡಿಯ ಬಾಗಿಲು ತೆರೆದೇ ಇತ್ತು. ಮೈಕಿನ ಸುರುಳಿ ವೈರು ಕೈಗೆಟುಕಿತು. ಎಳೆದುಕೊಂಡು ಕರೆದ. ಕರೆಯುತ್ತಲೇ ಇದ್ದ. ಹತ್ತು ನಿಮಿಷಕ್ಕೆ ಸೆಟ್ಟಿನಿಂದ ಸುಟ್ಟ ವಾಸನೆ ಬಂದು ದೀಪ ಆರಿತು. ಅವನ ಒಂದು ಮಾತೂ ಆಫೀಸಿಗೆ ಮುಟ್ಟಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಿದ್ದವನನ್ನು ಎರಡನೇ ಗಾಡಿಯವರು ಕಂಡದ್ದು ಸಂಜೆ ಆರಕ್ಕೆ. ಮಂಡಿಯ ಮೇಲಿನಿಂದ ಕಾಲು ತೆಗೆದರು. ಬೇಗ ತಂದಿದ್ದರೆ ಉಳಿಯುತ್ತಿತ್ತು ಎಂದು ಡಾಕ್ಟರು ಹೇಳಿದ ಮಾತು ಮನೆಮನೆಗೂ ಮುಟ್ಟಿತು.

ಮೀಸೆ ಸಾಹೇಬರು ಹೇಳಿದ್ದಂತೆ ಹುಡುಕಿಕೊಂಡೇ ಬಂದರು. ಬೇಡ ಬೇಡ ಅಂದರೂ ನೆತ್ತಿಗೆ ತೂತು ಹಾಕಿದಿರಿ ಎಂದು ಬೀದಿಯಲ್ಲೇ ಕೂಗಾಡಿದರು. ಭಾವ ಹೆದರಲಿಲ್ಲ. “ಮೂರಕ್ಕೂ ಕೆರೆದು ಕೂರಿಸಿದ್ದೀನಿ, ಮೀಟರು ಇಟ್ಟು ನೋಡಿದ್ದೀನಿ. ದೋಷ ಬೇರೆ ಎಲ್ಲೋ ಇದೆ. ಎಲ್ಲರೆದುರಿಗೆ ಬಿಚ್ಚೋಣ. ನನ್ನ ತಪ್ಪಿದ್ರೆ ಇನ್ನು ಒಂದು ಸ್ಕ್ರೂ ಮುಟ್ಟಲ್ಲ” ಎಂದರು. ಸೋಮವಾರ ಬೆಳಿಗ್ಗೆ ಎಂದು ನಿಗದಿಯಾಯಿತು. ಭಾವನ ಹೆಸರು, ಇಪ್ಪತ್ತೆರಡು ಗಾಡಿ, ಮೂವತ್ತು ವರ್ಷದ ಕೆಲಸ, ಎಲ್ಲವೂ ಆ ಬಿಲ್ಲೆಯ ಕೆಳಗಿತ್ತು. ಕೆಳಗೆ ಏನಿದೆ ಎಂದು ಗೊತ್ತಿದ್ದವನು ನಾನೊಬ್ಬನೇ.

ಶನಿವಾರ, ಭಾನುವಾರ ಎರಡು ದಿನ ಇತ್ತು ನನಗೆ. ಭಾವ ಅಡುಗೆಮನೆಯ ಮೇಜಿನ ಮೇಲೆ ಸ್ಪ್ಯಾನರುಗಳನ್ನು ಎಣ್ಣೆ ಹಾಕಿ ಒರೆಸುತ್ತಾ, “ಬಿಚ್ಚಿದ್ರೆ ಗೊತ್ತಾಗುತ್ತೆ ಬಿಡು” ಎಂದು ಅಕ್ಕನಿಗೆ ಧೈರ್ಯ ಹೇಳುತ್ತಿದ್ದರು. ನಾನು ಎದುರಿಗೆ ಕೂತು ಊಟ ಮಾಡಿದೆ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಇನ್ನೊಂದು ತುತ್ತು ಇಟ್ಟುಕೊಂಡೆ. ಹೇಡಿಗೂ ಹಸಿವಾಗುತ್ತದೆ ನೋಡಿ.

ಸೋಮವಾರ ದಳದ ಅಂಗಳದಲ್ಲಿ ಹದಿನೈದು ಜನ ಸೇರಿದ್ದರು. ಬಿಚ್ಚಿದ ಮೇಲೆ ಏನೇ ಆಗಲಿ ತೂತು ಮುಚ್ಚಿಸುವುದೇ ಎಂದು ಮೀಸೆ ಸಾಹೇಬರು ನನಗೂ ಹೇಳಿಕಳಿಸಿದ್ದರು; ಲಪ್ಪದ ಡಬ್ಬಿ ಹಿಡಿದು ನಿಂತಿದ್ದೆ. ಭಾವ ಮೊದಲನೇ ಗಾಡಿಯ ಮೇಲೆ ಹತ್ತಿ ಬಿಲ್ಲೆ ಎತ್ತಿದರು. ಗ್ರೀಸಿನ ಕೆಳಗೆ ತಗಡು ಥಳಥಳ. “ನೋಡಿ ಸಾರ್!” ಎಂದರು. ಎರಡನೆಯದೂ ಹಾಗೇ. ಅವರ ದನಿಗೆ ಬಲ ಬಂದಿತ್ತು, ಮೂರನೆಯದನ್ನು ಹತ್ತುವಾಗ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಬಿಲ್ಲೆ ಎತ್ತಿದರು.

ಹೆಬ್ಬೆರಳಿನಿಂದ ಆ ಜಾಗವನ್ನು ಒಂದು ಸುತ್ತು ಸವರಿದರು. ಅಷ್ಟು ನುಣುಪಾಗಿ ಬಣ್ಣ ಹೊಡೆಯುವವರು ಆ ಸೀಮೆಯಲ್ಲಿ ಒಬ್ಬರೇ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಲೆ ಎತ್ತಿ ನನ್ನನ್ನೇ ನೋಡಿದರು. ಎಷ್ಟು ಹೊತ್ತು ನೋಡಿದರೋ. ಮೀಸೆ ಸಾಹೇಬರು ಕೆಳಗಿನಿಂದ “ಏನ್ರೀ ಅದು?” ಎಂದು ಎರಡು ಸಲ ಕೇಳಿದರು.

“ಕೆರೆದಿಲ್ಲ ಸಾರ್,” ಎಂದರು ಭಾವ. “ಇದೊಂದನ್ನ ಕೆರೆಯೋಕೆ ಮರೆತಿದ್ದೀನಿ.”

“ನೀವೇ?”

“ನಾನೇ.”

ತಪ್ಪೊಪ್ಪಿಗೆಯ ಕಾಗದ ತಂದರು, ಭಾವ ಗಾಡಿಯ ಬಾನೆಟ್ಟಿನ ಮೇಲೆ ಇಟ್ಟು ಸಹಿ ಮಾಡಿದರು. ನಾನು ಆ ಮೂರು ತೂತುಗಳನ್ನು ಮುಚ್ಚಿ ಬಣ್ಣ ಹೊಡೆದೆ. ಮೀಸೆ ಸಾಹೇಬರು ಅಂಗೈ ಆಡಿಸಿ, “ಭೇಷ್, ತೂತೇ ಇರ್ಲಿಲ್ಲ ಅನ್ನೋ ಹಾಗಿದೆ” ಎಂದರು. ಆಂಟೆನಾಗಳು ಬಂಪರಿಗೆ ಹೋದವು. ಆ ಗಾಡಿಗಳು ಬೆಟ್ಟ ಹತ್ತುವಾಗ ಇವತ್ತಿಗೂ ಹಿಂದಕ್ಕೆ ಮೂಕ.

ಅವತ್ತು ಸಂಜೆ ಮೆಟ್ಟಿಲ ಮೇಲೆ ಭಾವನನ್ನು ತಡೆದು ಕೇಳಿದೆ. “ಯಾಕೆ ಹಂಗಂದ್ರಿ ಭಾವ?”

“ನಿನ್ನ ಹೆಸರು ಹೇಳಿದ್ರೆ ಗ್ಯಾರೇಜಿನಿಂದ ಇಬ್ಬರೂ ಆಚೆ. ಮನೇಲಿ ಒಬ್ಬರಾದ್ರೂ ದುಡೀಬೇಕಲ್ಲ.” ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟರು. “ಅದೂ ಅಲ್ಲ. ನೀನೇ ಹೇಳ್ತೀಯೇನೋ ಅಂತ ಕಾದೆ ಕಣೋ. ನೀನು ಕೈಲಿದ್ದ ಡಬ್ಬಿ ಕೂಡ ಕೆಳಗಿಡ್ಲಿಲ್ಲ.”

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಹಿಂದಕ್ಕೆ ಸರಿದರು. “ಕಾಲು ಬೇಡ. ಒಂದು ಕೆಲಸ ಮಾಡು. ಆ ಡ್ರೈವರಿಗೊಬ್ಬನಿಗೆ ನಿಜ ಹೇಳಿಬಿಡು. ಊರೆಲ್ಲ ಏನಾದ್ರೂ ಅಂದ್ಕೊಳ್ಳಲಿ. ಅವನು ನನ್ನನ್ನ ನಂಬಿ ಆ ಮೈಕು ಹಿಡ್ಕೊಂಡು ಕೂಗಿದ್ದಾನೆ. ಅವನಿಗೆ ಗೊತ್ತಿರ್ಬೇಕು.”

“ಹೇಳ್ತೀನಿ ಭಾವ” ಎಂದೆ.

ಆಮೇಲಿನದು ಹೇಳುವುದಕ್ಕೇನಿದೆ? ಭಾವನ ಮೇಜನ್ನು ಗ್ಯಾರೇಜಿನವರು ಹೊರಗಿಟ್ಟರು. ಈಗ ಮನೆಯ ಮುಂದಿನ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ, ಮಿಕ್ಸಿ ರಿಪೇರಿ ಮಾಡುತ್ತಾರೆ. ಕಡ್ಡಿ ಮೇಷ್ಟ್ರು ಹೋಗಿ ‘ಮರೆವಿನ ಮೇಷ್ಟ್ರು’ ಆಯಿತು. ಅಕ್ಕನೂ ಬಿಡುವುದಿಲ್ಲ. “ಲೋಕಕ್ಕೆಲ್ಲ ಪಾಠ ಹೇಳಿ ನೀವೇ ಮರೆತ್ರಲ್ರೀ!” ಎಂದು ಒಗ್ಗರಣೆ ಹಾಕುತ್ತಲೇ ಶುರುಮಾಡುತ್ತಾಳೆ. ನನಗೆ ಬಡಿಸುತ್ತಾ, “ನೀನಾದ್ರೂ ನೆಟ್ಟಗಿದ್ದೀಯಲ್ಲ ಪುಣ್ಯಕ್ಕೆ” ಅನ್ನುತ್ತಾಳೆ. ಭಾವ ತಲೆ ಎತ್ತದೆ ಉಣ್ಣುತ್ತಾರೆ. ಪಾಠ ಹೇಳುವುದನ್ನು ನಿಲ್ಲಿಸಿಬಿಟ್ಟರು. ಆ ಪಾಠ ಇನ್ನೊಂದು ಸಲ ಕೇಳಿಸಿದರೆ ಸಾಕು ಎಂದು ನನ್ನ ಜೀವ ಹಂಬಲಿಸುತ್ತದೆ, ನಾಚಿಕೆಗೆಟ್ಟ ಜೀವ.

ಪ್ರತಿ ಭಾನುವಾರ ಭಾವ ಹಣ್ಣು ತೆಗೆದುಕೊಂಡು ಡ್ರೈವರನ ಮನೆಗೆ ಹೋಗುತ್ತಿದ್ದರು. ನಾನು ಬೀದಿಯ ತಿರುವಿನವರೆಗೆ ಹೋಗಿ ಅಲ್ಲೇ ನಿಲ್ಲುತ್ತಿದ್ದೆ. ಡ್ರೈವರನ ತಾಯಿ ಬಾಗಿಲಲ್ಲೇ ನಿಂತು ಬಾಯಿಗೆ ಬಂದದ್ದೆಲ್ಲ ಅನ್ನುವಳು. ಒಮ್ಮೆ ಹಣ್ಣನ್ನು ಚರಂಡಿಗೆ ಎಸೆದಳು. ಭಾವ ಮುಂದಿನ ವಾರ ಮತ್ತೆ ಹೋದರು. ಬರುತ್ತಾ ದಾರಿಯಲ್ಲಿ ನನ್ನನ್ನು ಒಂದೇ ಮಾತು ಕೇಳುತ್ತಿದ್ದರು: “ಹೇಳಿದ್ಯಾ?” “ಈ ವಾರ ಹೇಳ್ತೀನಿ ಭಾವ.” ವಾರಗಳಾದವು, ವರ್ಷಗಳಾದವು. ಆಮೇಲಾಮೇಲೆ ಕೇಳುವುದನ್ನೂ ಬಿಟ್ಟು ನನ್ನ ಮುಖ ನೋಡುವರು, ನಾನು ರಸ್ತೆ ನೋಡುವೆ.

ಈ ವರ್ಷ ಭಾವನಿಗೆ ಎದೆನೋವು ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಆಗ ನನಗೆ ಭಯವಾಯಿತು. ಹೇಳದೆಯೇ ಈ ಮನುಷ್ಯನನ್ನು ಕಳೆದುಕೊಂಡರೆ? ಅವತ್ತೇ ನೆಟ್ಟಗೆ ಡ್ರೈವರನ ಹತ್ತಿರ ಹೋದೆ. ಈಗ ಅವನು ಒಂದು ಪಾರ್ಸೆಲ್ ಆಫೀಸಿನ ಕಿಟಕಿಯಲ್ಲಿ ಕೂರುತ್ತಾನೆ. ಊರುಗೋಲು ಗೋಡೆಗೆ ಒರಗಿತ್ತು. ನನ್ನನ್ನು ನೋಡಿ ಒಳಗೆ ಕರೆದು, ಪಕ್ಕಕ್ಕೆ ಸ್ಟೂಲು ತಳ್ಳಿದ.

“ನೀವು ಬಂದಿದ್ದು ಒಳ್ಳೇದಾಯ್ತು ಅಣ್ಣ,” ಎಂದ. “ಒಂದು ಮಾತು ಕೇಳ್ಬೇಕಿತ್ತು. ಯಜಮಾನ್ರು ಮರೆತೆ ಅಂತಾರೆ. ಆರು ವರ್ಷ ಆಯ್ತು, ನನಗೆ ನಂಬೋಕೇ ಆಗ್ತಿಲ್ಲ. ಆ ಕ್ವಾರೀಲಿ ಕೈ ಸುಟ್ಕೊಂಡು ಬಿಲ್ಲೆ ಒತ್ತಿ ಹಿಡಿದೋರು ಮರೀತಾರಾ? ನೀವು ಶೆಡ್ಡಲ್ಲೇ ಇದ್ರಿ. ನಿಜ ಹೇಳಿ, ಅವರು ಮರೆತಿದ್ರಾ?”

ಇನ್ನೇನು ಬೇಕಿತ್ತು? ಬಾಗಿಲು ತೆರೆದು, ದೀಪ ಹಚ್ಚಿ, ಒಳಗೆ ಬಾ ಅಂದ ಹಾಗಿತ್ತು. ಅವನ ಮಡಿಸಿ ಪಿನ್ನು ಹಾಕಿದ ಪ್ಯಾಂಟಿನ ಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು.

“ಮರೆತಿದ್ರು,” ಎಂದೆ.

ಅವನು ತಲೆಯಾಡಿಸಿ ಪಾರ್ಸೆಲ್ ಚೀಟಿಗಳನ್ನು ಜೋಡಿಸತೊಡಗಿದ.

ಆಸ್ಪತ್ರೆಗೆ ಬಂದಾಗ ಭಾವ ಎದ್ದು ಕೂತಿದ್ದರು. ನನ್ನ ಮುಖ ನೋಡಿ ಏನನ್ನಿಸಿತೋ, ವರ್ಷಗಳ ಮೇಲೆ ಬಾಯಿಬಿಟ್ಟು ಕೇಳಿದರು. “ಹೇಳಿದ್ಯಾ?”

“ಹೇಳಿದೆ ಭಾವ.”

ಅವರು ಕಣ್ಣು ಮುಚ್ಚಿ, “ಒಳ್ಳೇದಾಯ್ತು ಕಣೋ” ಎಂದು ನನ್ನ ಕೈ ಹಿಡಿದುಕೊಂಡರು. ನರ್ಸು ಬಂದು ಬಿಡಿಸುವವರೆಗೂ ಹಿಡಿದಿದ್ದರು.

ಮನೆಗೆ ಬಂದ ಮೊದಲ ಭಾನುವಾರ, ಡಾಕ್ಟರು ನಡೆಯಬೇಡಿ ಅಂದಿದ್ದರೂ, ಗಡ್ಡ ಹೆರೆದುಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿ ಹೊರಟರು. ಅಕ್ಕ “ಎಲ್ಲಿಗ್ರೀ ಇಷ್ಟು ಸಡಗರ?” ಎಂದಳು. ನಾನು ಬೇಡ ಅನ್ನಲಾರದೆ ಹಿಂದೆ ಹೋದೆ. ಅವತ್ತು ಹಣ್ಣು ಒಯ್ಯಲಿಲ್ಲ. ಬಾಗಿಲು ತಟ್ಟಿ ತಲೆ ಎತ್ತಿ ನಿಂತರು, ಡ್ರೈವರನೇ ಬಂದು ಒಳಗೆ ಕರೆದ. ನಾನು ತಿರುವಿನಲ್ಲೇ ನಿಂತೆ. ಓಡಿಹೋಗೋಣ ಅನ್ನಿಸಿತು, ಹೋಗಲಿಲ್ಲ.

ಕಾಲು ಗಂಟೆಯಾದ ಮೇಲೆ ಬಂದರು. ಮೆಲ್ಲಗೆ ಬಂದು, ನನ್ನ ಪಕ್ಕದ ಗೋಡೆಗೆ ಕೈ ಊರಿ ನಿಂತರು.

“ನಿಜವಾಗ್ಲೂ ಮರೆತಿದ್ರಾ ಅಂತ ನನ್ನನ್ನೇ ಕೇಳಿದ,” ಎಂದರು. “‘ನಿಮ್ಮ ಭಾಮೈದನ್ನೂ ಕೇಳಿದೆ, ಹೌದು ಅಂದ್ರು, ಆದ್ರೂ ನಿಮ್ಮ ಬಾಯಲ್ಲಿ ಕೇಳ್ಬೇಕು’ ಅಂದ.”

“ನೀವೇನಂದ್ರಿ ಭಾವ?”

“ಇನ್ನೇನನ್ಲಿ? ನಾನೂ ಹೌದು ಅಂದೆ.”

ಗೋಡೆಯಿಂದ ಕೈ ತೆಗೆದು ನಡೆಯತೊಡಗಿದರು. ಅವರ ತೋಳು ಹಿಡಿ ಎಂದು ಅಕ್ಕ ಹೇಳಿ ಕಳಿಸಿದ್ದಳು. ಹಿಡಿಯಲು ಹೋದೆ, ಬಿಡಿಸಿಕೊಂಡರು.